ಕೆಂಪು ಸುತಳಿಯ ಚೀಲ

ಗೊರೇಬಾಳದ ದೊಡ್ಡಬಸಪ್ಪನ ಮನೆಯ ಅಕ್ಕಿ ಕೋಣೆಯಲ್ಲಿ ಚೀಲಗಳಿಗೆ ಎರಡು ಬಣ್ಣದ ಸುತಳಿ. ಕೆಂಪು ಸುತಳಿಯಿಂದ ಬಾಯಿ ಹೊಲಿದದ್ದು ಮನೆಯವರ ಊಟಕ್ಕೆ, ಬಿಳಿಯದು ಆಳುಗಳಿಗೆ ಕೊಡುವುದಕ್ಕೆ. ಎರಡೂ ಸೋನಾ ಅಕ್ಕಿಯೇ, ಕಣ್ಣಿಗೆ ಒಂದೇ. ಆದರೆ ಮನೆಯ ಅಕ್ಕಿ ಬಾವಿ ಪಕ್ಕದ ಅರ್ಧ ಎಕರೆಯಲ್ಲಿ ತಿಪ್ಪೆಗೊಬ್ಬರದಿಂದ ಬೆಳೆದದ್ದು. ಆ ಮಡಿಗೆ ಹುಳ ಕೊಲ್ಲುವ ಎಣ್ಣೆಯ ಒಂದು ಹನಿ ಸೋಕುವಂತಿರಲಿಲ್ಲ. ಆಳುಗಳ ಅಕ್ಕಿ ಕಾಲುವೆ ಹೊಲದ್ದು. ಅಲ್ಲಿ ಒಂದು ಬೆಳೆಗೆ ಏಳೆಂಟು ಸಲ ಎಣ್ಣೆ ಹೊಡೆಯಬೇಕು.

ಹದಿನಾರು ವರ್ಷ ಆ ಎಣ್ಣೆ ಹೊಡೆದವನು ಆ ಮನೆಯ ಕೆಲಸದ ಸೂಗಮ್ಮನ ಗಂಡ ಗಾದಿಲಿಂಗ. ಬಕೆಟ್ಟಿನಲ್ಲಿ ಬರಿಗೈಯಿಂದಲೇ ಕಲಸುತ್ತಿದ್ದ. ಪಂಪಿನ ಮೂತಿ ಕಟ್ಟಿಕೊಂಡರೆ ಬಾಯಿಟ್ಟು ಊದುತ್ತಿದ್ದ. ಸಂಜೆ ತೂರಾಡುತ್ತ ಮನೆಗೆ ಬರುವವನನ್ನು ಕಂಡವರು ಕುಡಿದಿದ್ದಾನೆ ಎಂದು ನಗುತ್ತಿದ್ದರು. ಅವನು ಹೆಂಡ ಮುಟ್ಟಿದವನೇ ಅಲ್ಲ. ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ದಿನ ದೊಡ್ಡ ಆಸ್ಪತ್ರೆಯ ಡಾಕ್ಟರು ಮೊದಲು ಕೇಳಿದ್ದು, ಏನು ಕೆಲಸ ಮಾಡುತ್ತೀ ಎಂದು. ಉತ್ತರ ಕೇಳಿ ಪೆನ್ನು ಕೆಳಗಿಟ್ಟರು. ಇದರಿಂದಲೇ ಬಂತು ಎಂದು ಬರೆದುಕೊಡಲಾರೆ, ಆದರೆ ಇಂಥ ಕೆಲಸದವರು ನನ್ನ ಹತ್ತಿರ ಬಹಳ ಬರುತ್ತಾರೆ ಎಂದರು. ಗಾದಿಲಿಂಗ ಐದು ತಿಂಗಳೂ ಬದುಕಲಿಲ್ಲ.

ಅವನು ಸತ್ತ ಮೇಲೆ ಊರ ಶಾಲೆಯಲ್ಲಿ ಆರೋಗ್ಯ ತಪಾಸಣೆ ನಡೆಯಿತು. ಎಣ್ಣೆ ಹೊಡೆಯುವವರಿಗೇ, ಆ ಹೊಲದ ಅಕ್ಕಿ ಉಣ್ಣುವವರಿಗೇ ಏಕೆ ಇಷ್ಟು ಕಾಯಿಲೆ ಎಂದು ಬಂದಿದ್ದ ಡಾಕ್ಟರಮ್ಮ ಎಲ್ಲರೆದುರು ಕೇಳಿದರು. ದೊಡ್ಡಬಸಪ್ಪ ಕುರ್ಚಿಯಿಂದ ಏಳಲೂ ಇಲ್ಲ.

"ಎಲ್ಲಾ ಒಂದ ಅಕ್ಕಿರೀ ಮೇಡಮ್ಮಾರ. ನಾ ಉಣ್ಣೋದೂ ಅದ, ಆಳು ಉಣ್ಣೋದೂ ಅದ. ನನಗೇನಾಗೈತಿ? ಗಾದಿಲಿಂಗ ಕುಡದು ಸತ್ತಾನ."

ಹಿಂದೆ ನೆಲದ ಮೇಲೆ ಕೂತಿದ್ದ ಸೂಗಮ್ಮ ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡವಳಂತೆ ಮನೆಗೆ ಒಯ್ದಳು. ಎಲ್ಲಾ ಒಂದೇ ಅಕ್ಕಿ ಅಂತೀಯಲ್ಲ, ಒಂದೇ ಮಾಡಿ ಉಣಿಸುತ್ತೇನೆ ಅಂದುಕೊಂಡಳು.

ಆ ಮನೆಯಲ್ಲಿ ಚೀಲ ಬಿಚ್ಚಿ ಅಕ್ಕಿ ಹಸನು ಮಾಡುವ ಕೆಲಸ ಅವಳದೇ. ಮನೆಯವರೆಲ್ಲ ಮಸ್ಕಿಗೆ ಮದುವೆಗೆ ಹೋದ ದಿನ ದಬ್ಬಣ ಹಿಡಿದು ಅಕ್ಕಿ ಕೋಣೆಯಲ್ಲಿ ಕೂತಳು. ಕೆಂಪು ಸುತಳಿ ಬಿಚ್ಚಿ ಬಿಳಿಯದನ್ನು ಹೊಲಿದಳು. ಬಿಳಿಯದನ್ನು ಬಿಚ್ಚಿ ಕೆಂಪು ಹೊಲಿದಳು. ಬಾವಿ ಮಡಿಯ ಅಕ್ಕಿ ಯಾವುದೆಂದು ತನಗೆ ಮಾತ್ರ ತಿಳಿಯಲಿ ಎಂದು ಆ ಚೀಲಗಳ ಮೂಲೆಗೆ ಸಣ್ಣ ಗಂಟು ಹಾಕಿದಳು. ಬೆರಳು ತೂತಾಗಿ ರಕ್ತ ಬಂತು. ಬರಲಿ ಎಂದಳು.

ಮರುದಿನದಿಂದ ದೊಡ್ಡಬಸಪ್ಪನ ತಾಟಿಗೆ ಕಾಲುವೆ ಹೊಲದ ಅನ್ನ ಬಿತ್ತು. ಅವನು ಮೀಸೆ ಒರೆಸಿಕೊಂಡು ತೇಗುವುದನ್ನು ಹಿತ್ತಲ ಬಾಗಿಲಿನಿಂದ ನೋಡುವಾಗ ಅವಳ ಎದೆ ತಣ್ಣಗಾಗುತ್ತಿತ್ತು. ಗಾದಿಲಿಂಗನ ಪಂಪು ಈಗ ಮಲೀಕಸಾಬನ ಬೆನ್ನ ಮೇಲಿತ್ತು. ಅವನು ಒಂದು ದಿನ ತಡೆದು ಕೇಳಿದ.

"ಈ ತಿಂಗಳ ಅಕ್ಕಿ ಭಾಳ ರುಚಿ ಐತಲ್ಲ ಸೂಗವ್ವ. ಧಣಿಗೆ ಪುಣ್ಯೇವು ಬೇಕಾಗೈತೇನು?"

ಸೂಗಮ್ಮ ಮೊರ ಬಡಿಯುತ್ತ ನಕ್ಕಳು. ಗಂಡ ಸತ್ತ ಮೇಲೆ ನಕ್ಕದ್ದು ಅದೇ ಮೊದಲು.

ಮುಂದಿನ ವಾರ ಲಿಂಗಸುಗೂರಿನಿಂದ ದೊಡ್ಡಬಸಪ್ಪನ ಮಗಳು ಭಾಗ್ಯಶ್ರೀ ಬಂದಿಳಿದಳು. ಏಳು ತಿಂಗಳ ಬಸುರಿ, ತವರಿನಲ್ಲಿ ಸೀಮಂತದ ಕುಬಸ. ಅವಳು ಚಿಕ್ಕವಳಿದ್ದಾಗ ಗಾದಿಲಿಂಗನೇ ಸೈಕಲ್ಲಿನಲ್ಲಿ ಶಾಲೆಗೆ ಬಿಟ್ಟುಬರುತ್ತಿದ್ದ. ಬಂದವಳೇ ಹಿತ್ತಲಿಗೆ ಬಂದು ಸೂಗಮ್ಮನ ಕೈ ಹಿಡಿದಳು.

"ಕಾಕಾ ಇದ್ದಿದ್ರ ನನ್ನ ಕೂಸಿಗೆ ಜೋಕಾಲಿ ಕಟ್ತಿದ್ದ, ಹೌದಿಲ್ಲೋ?"

ಆ ಹೊತ್ತು ಸೂಗಮ್ಮ ಅಕ್ಕಿ ಕೋಣೆಗೆ ಹೋಗಿ ಚೀಲಗಳ ಮುಂದೆ ನಿಂತಳು. ದೊಡ್ಡಬಸಪ್ಪನಿಗೆಂದು ತೆಗೆದಿಟ್ಟದ್ದು ಹುಟ್ಟದ ಕೂಸಿನ ಬಾಯಿಗೂ ಹೋಗುತ್ತದಲ್ಲ? ಹಾಗೆ ಮಾಡಿದರೆ ಅವನಿಗೂ ತನಗೂ ಏನು ಫರಕು? ಅಂದಿನಿಂದ ಮನೆಯ ಅಡುಗೆಗೆ ಗಂಟು ಹಾಕಿದ ಚೀಲದ ಬಾವಿ ಮಡಿಯ ಅಕ್ಕಿಯನ್ನೇ ಅಳೆದು ಕೊಟ್ಟಳು. ಕುಬಸದ ಅಕ್ಕಿಯೂ ಅದೇ. ಆದರೆ ಸಿಟ್ಟು ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು.

ಕುಬಸದ ಮಧ್ಯಾಹ್ನ ಹಸಿರು ಸೀರೆ, ಕೈತುಂಬ ಬಳೆ ತೊಟ್ಟ ಭಾಗ್ಯಶ್ರೀ ಪಡಸಾಲೆಯಲ್ಲಿ ಬೀಗರ ನಡುವೆ ಊಟಕ್ಕೆ ಕೂತಿದ್ದಳು. ಆಳುಗಳು ಅಂಗಳದ ಕಟ್ಟೆಯ ಮೇಲೆ ತಮ್ಮ ಪಾಳಿ ಕಾಯುತ್ತಿದ್ದರು. ಗಂಡ ಸತ್ತವಳು ಒಳಗೆ ಬರುವಂತಿಲ್ಲವಾದ್ದರಿಂದ ಸೂಗಮ್ಮ ಹಿತ್ತಲ ಹೊಸ್ತಿಲಲ್ಲಿ ನಿಂತಿದ್ದಳು. ದೊಡ್ಡಬಸಪ್ಪ ಬೀಗರಿಗೆ ಕೈಯಾರೆ ಅನ್ನ ಬಡಿಸುತ್ತ ಬಂದ.

"ಹೊಟ್ಟಿ ತುಂಬ ಉಣ್ರಿ. ಇದಕ್ಕ ಎಣ್ಣಿ ಹನೀನೂ ಬಿದ್ದಿಲ್ಲ. ಕಾಲುವಿ ಹೊಲದ್ದು ನಾವು ಮುಟ್ಟಂಗಿಲ್ರಿ."

ಅಂಗಳದ ಆಳುಗಳು ಬಾಗಿಲ ಕಡೆ ತಿರುಗಿದರು. ಸೂಗಮ್ಮ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟಳು.

"ಧಣೇರ, ಇದು ಕಾಲುವಿ ಹೊಲದ ಅಕ್ಕಿರೀ. ಚೀಲ ಬಿಚ್ಚಿದಾಕಿ ನಾನ."

ದೊಡ್ಡಬಸಪ್ಪ ಸೌಟು ಬಿಸುಟ. ಒಂದೇ ನೆಗೆತಕ್ಕೆ ಹೋಗಿ ಮಗಳ ಮುಂದಿನ ತಾಟು ಕಿತ್ತುಕೊಂಡ. ಅನ್ನ ಹಸಿರು ಸೀರೆಯ ಮೇಲೆಲ್ಲ ಚೆಲ್ಲಿತು.

"ಉಣಬ್ಯಾಡವ್ವ, ವಿಷ ಐತಿ ಅದ್ರಾಗ."

ಬೀಗರ ಕೈಗಳು ತುತ್ತಿನ ಮೇಲೇ ನಿಂತವು. ಮಲೀಕಸಾಬ ಕಟ್ಟೆಯಿಂದ ಇಳಿದು ಬಾಗಿಲಿಗೆ ಬಂದ. ಅವನ ಹಿಂದೆ ಉಳಿದ ಆಳುಗಳೂ ಬಂದರು.

"ಹಂಗಂದ್ರ ನಮ್ಮ ಮನ್ಯಾಗ ದಿನಾ ಬೇಯೋದು ಏನ್ರಿ ಧಣಿ?"

ಸೂಗಮ್ಮ ಭಾಗ್ಯಶ್ರೀಯ ಬಳಿ ಬಗ್ಗಿ, ನೀ ಉಂಡದ್ದು ಬಾವಿ ಮಡಿಯದೇ, ಅಂಜಬೇಡ ಎಂದು ಅವಳ ಕಿವಿಯಲ್ಲಷ್ಟೇ ಹೇಳಿದಳು. ಆಮೇಲೆ ಹಿತ್ತಲಿಗೆ ನಡೆದಳು.

ದೊಡ್ಡಬಸಪ್ಪ ಬೆನ್ನಟ್ಟಿ ಬಂದ. ಅವಳನ್ನು ದಾಟಿ ಅಕ್ಕಿ ಕೋಣೆಯ ಬಾಗಿಲು ತೆರೆದ. ಸೂರುಮುಟ್ಟ ಚೀಲಗಳು, ಕೆಂಪು ಸುತಳಿ, ಬಿಳಿ ಸುತಳಿ. ಅವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಎಷ್ಟು ದಿನದಿಂದ ಉಣ್ಣುತ್ತಿದ್ದೇನೆ ಎಂದು ಕೇಳಿದ. ಅವಳು ಬಾಗಿಲ ಬಳಿಯ ಮೊರ ಎತ್ತಿ ಗೋಡೆಗೆ ತೂಗುಹಾಕಿದಳು.

"ಯಾವ ಚೀಲ ಯಾವುದು, ಅದನ್ನಾರ ಹೇಳ ಬೇ."

ಸೂಗಮ್ಮ ಸೊಂಟದಿಂದ ದಬ್ಬಣ ತೆಗೆದು ಅವನ ಕೈಯಲ್ಲಿಟ್ಟಳು.

"ಎಲ್ಲಾ ಒಂದ ಅಕ್ಕಿ ಅಂದಿದ್ರೆಲ್ರಿ, ಧಣೇರ."