ವಿಮಾನದ ಮಡಿಲು

ಹಳೇ ಬಟ್ಟೆ ಕಳಚಿದ ವಿಮಾನ, ಎಲುಬು ಎಣಿಸಬಹುದಾದ ಹಸುವಿನ ಹಾಗೆ ಕಾಣುತ್ತದೆ. ನಮ್ಮೂರ ಬಯಲಿನ ತಗಡಿನ ಶೆಡ್ಡಿನಲ್ಲಿ ಅಂಥದೊಂದು ಇತ್ತು; ಇಬ್ಬರಷ್ಟೇ ಕೂರುವ ಪುಟ್ಟ ವಿಮಾನ. ಅದರ ಮರದ ಎಲುಬಿನ ಮೇಲೆ ಬಟ್ಟೆ ಬಿಗಿದು ಹೊಲಿಯುವುದು ಸಣ್ಣತಾಯಮ್ಮನ ಮತ್ತು ನನ್ನ ಕೆಲಸ. ಅದರಲ್ಲಿ ಹಾರಾಟ ಕಲಿಸಲು ಆ ವರ್ಷ ಹೊಸದಾಗಿ ನೇಮಕವಾದವನು ಆಕೆಯ ಒಬ್ಬನೇ ಮಗ, ಶಿವನಂಜ.

ಹೊಸ ಬಟ್ಟೆ ತೊಡಿಸಿದ ಮೇಲೆ ತೂಕ ನೋಡಲು ತಪಾಸಣೆಯ ಅಧಿಕಾರಿ ರಾಮಶೇಷಯ್ಯನವರು ಬಂದರು. ಬಣ್ಣದ ಮೇಲೆ ಬಣ್ಣ, ತೇಪೆಯ ಮೇಲೆ ತೇಪೆ ಹೊತ್ತ ಹಳೇ ವಿಮಾನಗಳಿಗೆ ಹುಟ್ಟಿದಾಗಿನ ತೂಕ ಉಳಿದಿರುವುದಿಲ್ಲವಂತೆ. ನಿಜವಾದ ಖಾಲಿ ತೂಕ ಸಿಗದೆ ಹಾರಲು ಅಪ್ಪಣೆಯಿಲ್ಲ; ಅಪ್ಪಣೆ ಸಿಗದಿದ್ದರೆ ವಿಮಾನ ಗುಜರಿಗೆ, ಶಿವನಂಜ ಮನೆಗೆ. ಪೆಟ್ರೋಲು ಬಸಿದು, ಗಾಲಿಗಳನ್ನೂ ಬಾಲವನ್ನೂ ತಕ್ಕಡಿಗಳ ಮೇಲೆ ಇಟ್ಟರು.

"ಎಲ್ಲಾ ಖಾಲಿ ತಾನೇ?" ಎಂದರು ರಾಮಶೇಷಯ್ಯ.

"ಬಿಡ್ತು ಅನ್ನಿ ಸ್ವಾಮಿ," ಎಂದಳು ಸಣ್ಣತಾಯಮ್ಮ. ಮನೆಯಲ್ಲಿ ಅಕ್ಕಿ ಮುಗಿದರೂ 'ಹೆಚ್ಚಿದೆ' ಎನ್ನುವ ಹೆಂಗಸು.

"ಸರಿ ತಾಯಿ. ಎಲ್ಲಾ ಹೆಚ್ಚಿದೆ ತಾನೇ?"

ಎಲ್ಲರೂ ನಕ್ಕೆವು. ಬಾಲದ ತಕ್ಕಡಿ ನೋಡಿದಾಗ ರಾಮಶೇಷಯ್ಯನವರ ನಗು ನಿಂತಿತು.

"ಇಲ್ಲಿ ನಿಜವಾಗಿಯೂ ಹೆಚ್ಚಿದೆಯಲ್ಲ. ಬಾಲ ಇಷ್ಟು ಭಾರ ಇದ್ರೆ ಮೇಲೆದ್ದ ಮೂಗು ಕೆಳಗೆ ಬರಲ್ಲ. ಹಾರಿಸೋನು ಉಳಿಯಲ್ಲ."

ಸಣ್ಣತಾಯಮ್ಮ ಕಂಬಕ್ಕೆ ಒರಗಿದಳು. ಮಗನ ಕಡೆ ತಿರುಗಿ, "ಮಡಿಲಕ್ಕಿ ಇಟ್ಟಿದೀನಿ ಕಣಪ್ಪ," ಎಂದಳು.

"ಎಲ್ಲಿ?"

"ಬಾಲದೊಳಗೆ. ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ಬಟ್ಲು. ಗಂಟು ಕಟ್ಟಿ ಹೊಲಿದುಬಿಟ್ಟೆ."

"ಅದೇನು ಗಂಡನ ಮನೆಗೆ ಹೋಗ್ತಿತ್ತೇನವ್ವಾ?"

"ನಿಮ್ಮಪ್ಪ ಹೋದ ವಿಮಾನಕ್ಕೂ ನಾನೇ ಬಟ್ಟೆ ಹೊಲಿದಿದ್ದೆ. ಅದನ್ನ ಬರೀ ಮಡಿಲಲ್ಲಿ ಕಳಿಸಿದ್ದೆ." ಆಕೆಯ ದನಿ ಏರಲಿಲ್ಲ. "ಗಂಡ ಸತ್ತೋಳ ಕೈಯಿಂದ ಮಡಿಲಕ್ಕಿ ಯಾರು ತಗೋತಾರೆ? ಅದಕ್ಕೇ ಯಾರಿಗೂ ಹೇಳ್ಲಿಲ್ಲ."

ರಾಮಶೇಷಯ್ಯ ಕನ್ನಡಕ ತೆಗೆದು ಒರೆಸತೊಡಗಿದರು. ಶಿವನಂಜ ನನ್ನ ಕಡೆ ಕೈ ಚಾಚಿದ. ಕತ್ತರಿ ಕೊಟ್ಟೆ. ಅವನು ಅದನ್ನು ತಾಯಿಯ ಕೈಗಿತ್ತ.

"ನೀನೇ ಬಿಚ್ಚವ್ವ."

ಹೊಲಿಗೆ ಬಿಚ್ಚಿಕೊಂಡಿತು. ಬಟ್ಟೆಯ ಸೀಳಿನಲ್ಲಿ ಮತ್ತೆ ಎಲುಬುಗಳು ಕಂಡವು, ಅವುಗಳ ನಡುವೆ ಅರಿಶಿನ ಹಚ್ಚಿದ ಗಂಟು. ಶಿವನಂಜ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಸೆರಗೊಡ್ಡು."

"ನನಗೆಲ್ಲಿಯ ಮಡಿಲೋ," ಎಂದಳು ಆಕೆ.

"ಒಡ್ಡವ್ವ."

ಗಂಡ ಹೋದಂದಿನಿಂದ ಯಾರೂ ತುಂಬದ ಸೆರಗಿಗೆ ಅವನು ಗಂಟು ಬಿಚ್ಚಿ ಅಕ್ಕಿ ಸುರಿದ. ಆಮೇಲೆ ನಾನೊಬ್ಬಳೇ ಆ ಸೀಳನ್ನು ಹೊಲಿದೆ, ಒಳಗೆ ಏನೂ ಇಡದೆ. ತೂಕ ಸರಿಬಂತು. ರಾಮಶೇಷಯ್ಯ ಅಪ್ಪಣೆ ಕೊಟ್ಟರು.

ಪೆಟ್ರೋಲು ಹಾಕಿಸಿ ಶಿವನಂಜ ಒಬ್ಬನೇ ಮೇಲಕ್ಕೆ ಹೋದ. ಬಿಸಿಲಲ್ಲಿ ಕಣ್ಣು ಕಿರಿದು ಮಾಡಿಕೊಂಡು ಸಣ್ಣತಾಯಮ್ಮ ಬಯಲಿನ ನಡುವೆ ನಿಂತಿದ್ದಳು. ಕೆಳಗಿಡು ಎಂದರೂ ಕೇಳದೆ, ಗಾಲಿ ನೆಲ ಮುಟ್ಟುವವರೆಗೂ ಆ ಸೆರಗಿನ ಭಾರವನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದಳು.