ಬೆನ್ನು ಬಲ್ಲ ಮಣ್ಣು

ನಾನು ಮಣ್ಣು. ಹೊಲದ ಮಣ್ಣಲ್ಲ, ಕುಸ್ತಿಯ ಮಣ್ಣು. ಈ ವ್ಯತ್ಯಾಸ ಮರೆತ ಜನರಿಂದಲೇ ನನ್ನ ಬಾಳು ಹೀಗಾಯಿತು. ಅದಕ್ಕೇ ಮೊದಲಿಗೇ ಹೇಳಿಬಿಡುತ್ತೇನೆ.

ಹುಟ್ಟಿದ್ದು ಊರಾಚೆಯ ಗುಡ್ಡದ ಬುಡದಲ್ಲಿ. ಅಲ್ಲೇ ಇದ್ದಿದ್ದರೆ ಕುರಿ ಮೇಯುವುದನ್ನು ನೋಡಿಕೊಂಡು ಸುಖವಾಗಿ ಇರುತ್ತಿದ್ದೆ. ಆದರೆ ಊರಿನಲ್ಲಿ ಕಾಲೇಜು ಕಟ್ಟಿದ ಹಿರಿಯರಿಗೆ ಕುಸ್ತಿಯ ಹುಚ್ಚು. ಗ್ರಂಥಾಲಯಕ್ಕೆ ಇನ್ನೂ ಬಾಗಿಲು ಕೂಡಿಸಿರಲಿಲ್ಲ, ಗರಡಿಗೆ ಆಗಲೇ ಹೆಂಚು ಹೊದಿಸಿದ್ದರು. ನನ್ನನ್ನು ಚಕ್ಕಡಿಯಲ್ಲಿ ತಂದು, ಜರಡಿ ಹಿಡಿದು, ಹರಳು ಆರಿಸಿ ಹಾಸಿದರು. ಮೇಲೆ ಮಜ್ಜಿಗೆ, ಎಳ್ಳೆಣ್ಣೆ, ಅರಿಸಿನ, ಕರ್ಪೂರ, ಲಿಂಬೆರಸ, ಉಪ್ಪು. ಕಡೆಗೆ ಊರಿನ ಹಳೆಯ ತಾಲೀಮು ಮನೆಯಿಂದ ಒಂದು ಬುಟ್ಟಿ ಮಣ್ಣು ತಂದು, ಹಾಲಿಗೆ ಹೆಪ್ಪು ಹಾಕುವಂತೆ ನನ್ನಲ್ಲಿ ಬೆರೆಸಿದರು. ಅಲ್ಲಿಗೆ ನಾನು ಅಖಾಡವಾದೆ. ಬೀಜಕ್ಕೆ ನನ್ನಲ್ಲಿ ಕೆಲಸ ಇಲ್ಲವೆಂದೂ ಅಂದೇ ತೀರ್ಮಾನವಾಯಿತು.

ನೀವು ಜನರನ್ನು ಮುಖ ನೋಡಿ ಗುರುತಿಸುತ್ತೀರಿ. ನನಗೆ ಮುಖ ಕಂಡದ್ದು ಕಡಿಮೆ. ಅಂಗಾಲು, ಮೊಣಕಾಲು, ಬೆನ್ನು, ಇವೇ ನನ್ನ ಪರಿಚಯಸ್ಥರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಒಂದು ಗಾದೆ ಇದೆಯಲ್ಲ, ಅದನ್ನು ಕಟ್ಟಿದವನು ನನ್ನನ್ನೊಂದು ಮಾತು ಕೇಳಬಹುದಿತ್ತು. ಎಲ್ಲರ ಮೀಸೆಯೂ ಮಣ್ಣಾಗಿದೆ. ಮೀಸೆ ಮೂಡದವರದು ಮೂಗು ಮಣ್ಣಾಗಿದೆ.

ನಮ್ಮ ಗರಡಿಯಲ್ಲಿ ಒಂದು ಪದ್ಧತಿ ಇತ್ತು. ಯಾರ ಜೊತೆ ಕುಸ್ತಿ ಹಿಡಿಯಬೇಕೋ ಅವರ ಮುಂದೆ ನನ್ನಲ್ಲಿ ಒಂದು ಚಿಟಿಕೆ ತೆಗೆದು ಅಂಗೈ ಚಾಚಬೇಕು. ಎದುರಿನವನು ಅದನ್ನು ಹಣೆಗೆ ಹಚ್ಚಿಕೊಂಡು ಇಳಿಯಬೇಕು. ಒಲ್ಲೆ ಎನ್ನುವಂತಿಲ್ಲ. ಜ್ವರ ಬಂದಿದ್ದರೆ, ಕೈ ಉಳುಕಿದ್ದರೆ, ಆಗಲೂ ಮಣ್ಣು ಹಚ್ಚಿಕೊಂಡು ಬಂದು ತಾನಾಗಿಯೇ ಎರಡೂ ಹೆಗಲು ನನಗೆ ತಾಗಿಸಿ ಏಳಬೇಕು. ಸೋತೆ ಎಂದು ಒಪ್ಪಿಕೊಳ್ಳುವ ರೀತಿ ಅದು. ಆಮೇಲೆ ಗೆದ್ದವನು ಸೋತವನ ಬೆನ್ನು ಕೊಡವಬೇಕು. ಕೊಡವಿದರೆ ಜಗಳ ಅಲ್ಲಿಗೆ ಮುಗಿಯಿತು, ಹೊಸ್ತಿಲು ದಾಟುವುದಿಲ್ಲ.

ಅಡಿವೆಪ್ಪ ಗುಳೇದ ಮತ್ತು ಗುರುಸಿದ್ಧ ಅಂಗಡಿ ಈ ಪದ್ಧತಿಯಲ್ಲೇ ಬೆಳೆದವರು. ಇಬ್ಬರೂ ಒಂದೇ ವರ್ಷ ಕಾಲೇಜಿಗೆ ಬಂದರು. ಅಡಿವೆಪ್ಪ ಕಲ್ಲು ಒಡೆಯುವವರ ಮಗ, ಗುರುಸಿದ್ಧ ಕಿರಾಣಿ ಅಂಗಡಿಯವರ ಮಗ. ತಿಂಗಳಿಗೊಮ್ಮೆ ಅಪ್ಪನ ಕಣ್ಣು ತಪ್ಪಿಸಿ ಎಣ್ಣೆ ಡಬ್ಬಿ ತಂದು ನನಗೆ ಸುರಿಯುತ್ತಿದ್ದವನು ಈ ಗುರುಸಿದ್ಧನೇ. ಜೋಡಿ ಎಂದರೆ ಅವರ ಜೋಡಿ. ಗುರುಸಿದ್ಧ ಬಿದ್ದರೆ ಯಾವಾಗಲೂ ಎಡ ಹೆಗಲು ಮೊದಲು ತಾಗುತ್ತಿತ್ತು. ಬಲ ಹೆಗಲು ತಾಗಿಸುವಷ್ಟರಲ್ಲಿ ಅಡಿವೆಪ್ಪನ ಜೀವ ಬಾಯಿಗೆ ಬರುತ್ತಿತ್ತು. ಆಮೇಲೆ ಕೊಡವುವುದು, ನಗುವುದು, ಒಂದೇ ತಂಬಿಗೆಯಲ್ಲಿ ನೀರು ಕುಡಿಯುವುದು.

ಓದು ಮುಗಿಸಿ ಇಬ್ಬರೂ ಇದೇ ಕಾಲೇಜಿಗೆ ಕೆಲಸಕ್ಕೆ ಬಂದರು. ಅಡಿವೆಪ್ಪ ದೈಹಿಕ ಶಿಕ್ಷಣದ ಮೇಷ್ಟ್ರಾದ. ಗುರುಸಿದ್ಧ ಅರ್ಥಶಾಸ್ತ್ರ ಕಲಿಸಿ, ಮುಂದೆ ಪ್ರಿನ್ಸಿಪಾಲನಾದ. ಊರಿಗೆಲ್ಲ ಅವರು ಸರ್. ನನಗೆ ಮಾತ್ರ ಇಂದಿಗೂ ಹುಡುಗರೇ, ಹಾಗಾಗಿ ಏಕವಚನ. ಗುರುಸಿದ್ಧ ಬೂಟು ಹಾಕಿದ ಮೇಲೆ ಗರಡಿಯ ಹೊಸ್ತಿಲಲ್ಲೇ ನಿಂತು ಹೋಗುತ್ತಿದ್ದ. ನನಗೆ ಆಗಲೇ ತಿಳಿಯಬೇಕಿತ್ತು.

ನನ್ನ ಕಾಲ ಒಂದೇ ದಿನಕ್ಕೆ ಮುಗಿಯಲಿಲ್ಲ. ಮೊದಲು ಅಂತರಕಾಲೇಜು ಪಂದ್ಯಗಳು ಮಣ್ಣು ಬಿಟ್ಟು ಮ್ಯಾಟಿಗೆ ಹೋದವು. ನಮ್ಮ ಕಾಲೇಜು ಮ್ಯಾಟು ತರಿಸಲಿಲ್ಲ. ಹುಡುಗರು ನನ್ನ ಮೇಲೆ ಕಲಿತು ಅಲ್ಲಿ ಹೋಗಿ ಜಾರಿ ಬಿದ್ದರು. ಆಮೇಲೆ ಪಕ್ಕದ ತಾಲ್ಲೂಕಿನ ಕಾಲೇಜು ಕುಸ್ತಿ ನಿಲ್ಲಿಸಿ ಗರಡಿಯನ್ನು ಕ್ಯಾಂಟೀನು ಮಾಡಿತು. ಹೊಳೆಯಾಚೆಯ ಕಾಲೇಜು ಮುರುಕು ಬೆಂಚು ಒಟ್ಟುವ ಕೋಣೆ ಮಾಡಿತು. ನಮ್ಮ ಹುಡುಗರೂ ಕನ್ನಡಿ ಇರುವ ಜಿಮ್ಮಿಗೆ ಹೋಗತೊಡಗಿದರು. ಅಲ್ಲಿ ಮೈ ಬೆಳೆಸಿದರೆ ಫೋಟೊ ಚೆನ್ನಾಗಿ ಬರುತ್ತದೆ, ನನ್ನಲ್ಲಿ ಹೊರಳಿದರೆ ಕಿವಿ ಮುದುರಿ ಹೋಗುತ್ತದೆ. ನಾನು ಅವರನ್ನು ಬೈಯುವುದಿಲ್ಲ. ಬೈದು ಬೈದು ಸಾಕಾಗಿದೆ.

ಕಡೆಗೆ ಉಳಿದವನು ದಾವಲ ನದಾಫ ಒಬ್ಬನೇ. ಗಾದಿ ಹೊಲಿಯುವವರ ಮನೆಯ ಮಗ, ಬಿ.ಎ. ಕೊನೆಯ ವರ್ಷ. ಹಿಂದಿನ ವರ್ಷ ಅಂತರಕಾಲೇಜು ಪಂದ್ಯದ ಕೊನೆಯ ಸುತ್ತಿಗೆ ಹೋಗಿ ಸೋತು ಬಂದಿದ್ದ. ಈ ವರ್ಷ ಗೆದ್ದರೆ ವಿಶ್ವವಿದ್ಯಾಲಯದ ತಂಡ, ಅಲ್ಲಿ ಮಿಂಚಿದರೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸ. ಇಡೀ ಮನೆ ಅವನ ಆ ಪಂದ್ಯದ ಮೇಲೆ ಕಣ್ಣಿಟ್ಟು ಕೂತಿತ್ತು. ಆದರೆ ಒಂಟಿ ಪೈಲ್ವಾನ ಒಂಟಿ ಎತ್ತಿನ ಹಾಗೆ, ಯಾವ ಗಾಡಿಗೂ ಆಗುವುದಿಲ್ಲ. ಅವನಿಗೆ ಜೋಡಿ ಬೇಕಿತ್ತು. ಅಡಿವೆಪ್ಪ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ತಾನೇ ಇಳಿದ. ನಿವೃತ್ತಿ ಹತ್ತಿರ ಬಂದ ಮನುಷ್ಯ.

“ಸರ, ನಿಮ್ಮ ಮೊಣಕಾಲ್ರೀ...” ಎಂದು ದಾವಲ ಹಿಂಜರಿದ.

“ಮೊಣಕಾಲು ನಂದು, ನಿನಗ್ಯಾಕ ಅದರ ಚಿಂತಿ? ಎತ್ತಿ ಒಗಿ ನೀ.”

ದಾವಲ ಎತ್ತಿ ಒಗೆದ. ದಿನಾ ಒಗೆದ. ಅಡಿವೆಪ್ಪ ಬೀಳುವ ಕಡೆ ಆದಷ್ಟು ಮೆತ್ತಗಿರಲು ನಾನು ನೋಡಿದೆ. ಎದ್ದೇಳುವಾಗ ಅವನು ನನ್ನನ್ನು ಮುಷ್ಟಿಯಲ್ಲಿ ಹಿಡಿದು ಹಲ್ಲು ಕಚ್ಚುತ್ತಿದ್ದುದು ಹುಡುಗನಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಗುತ್ತಿತ್ತು, ಸಂಕಟವೂ ಆಗುತ್ತಿತ್ತು.

ಅಷ್ಟರಲ್ಲಿ ಕಾಲೇಜಿಗೆ ದರ್ಜೆ ಕೊಡುವ ಕಮಿಟಿ ಬರುವುದೆಂದು ಸುದ್ದಿಯಾಯಿತು. ಕಮಿಟಿಗೆ ತೋರಿಸಲು ಸೆಮಿನಾರ್ ಹಾಲ್ ಬೇಕು. ಆಡಳಿತ ಮಂಡಳಿಯವರು ಗರಡಿಯನ್ನು ನೋಡಿಹೋದರು. ಕುಸ್ತಿ ಬಂದ್, ಈ ವರ್ಷದಿಂದಲೇ ತಂಡದ ಹೆಸರು ಕಳಿಸುವುದಿಲ್ಲ ಎಂದು ತೀರ್ಮಾನವಾಯಿತು. ಕಾಲೇಜು ಹೆಸರು ಕಳಿಸದಿದ್ದರೆ ದಾವಲನಿಗೆ ಪಂದ್ಯವೇ ಇಲ್ಲ.

ಅಂದು ಅಡಿವೆಪ್ಪ ನನ್ನಲ್ಲಿ ಒಂದು ಚಿಟಿಕೆ ತೆಗೆದು ಮುಷ್ಟಿ ಮುಚ್ಚಿಕೊಂಡು ನಡೆದ. ಹೀಗೆ ಮೊದಲ ಸಲ ನಾನು ಪ್ರಿನ್ಸಿಪಾಲರ ಕೋಣೆಗೆ ಹೋದೆ. ಗುಮಾಸ್ತ ಹೊರಗೆ ಹೋಗುವ ತನಕ ಅಡಿವೆಪ್ಪ “ಸರ್” ಎಂದೇ ಮಾತಾಡಿದ. ಬಾಗಿಲು ಮುಚ್ಚಿದ ಮೇಲೆ ಮೇಜಿನ ಆಚೆಗೆ ಅಂಗೈ ಚಾಚಿ ಬಿಡಿಸಿದ.

“ಗುರಸಿದ್ದ, ತಗೋ.”

“ಇದೇನೋ ಅಡಿವೆಪ್ಪ, ಸಣ್ಣ ಹುಡುಗರಂಗ!”

“ಗರಡಿ ಉಳಸು ಅನ್ನಾಂಗಿಲ್ಲ. ಈ ಒಂದು ವರ್ಷ ಹೆಸರು ಕಳಸು. ಹುಡುಗಂದು ಕೊನೀ ವರ್ಷ ಐತಿ. ಅಷ್ಟ ಬೇಡಾಕ ಬಂದೀನಿ.”

“ಮಂಡಳಿಯವರು ಬರದ ಕೊಟ್ಟಾರ. ನನ್ನ ಕೈಯಾಗ ಏನೈತಿ?”

“ನೀ ಒಂದು ಮಾತು ಅಂದ್ರ ಅವರು ಕೇಳ್ತಾರ. ನಿನಗೂ ಗೊತ್ತೈತಿ, ನನಗೂ ಗೊತ್ತೈತಿ.”

ಗುರುಸಿದ್ಧ ನನ್ನನ್ನು ನೋಡಿದ. ಈಗ ಬೆರಳು ಬರುತ್ತದೆ, ಈಗ ಹಣೆಗೆ ಹೋಗುತ್ತೇನೆ ಎಂದು ನಾನು ಕಾದೆ. ಅಡಿವೆಪ್ಪನ ಅಂಗೈ ಬೆವರಿ ನಾನು ಒದ್ದೆಯಾದೆ. ಕಡೆಗೆ ಅವನು ಅಂಗೈ ಮಗುಚಿ ನನ್ನನ್ನು ಮೇಜಿನ ಗಾಜಿನ ಮೇಲೆ ಬಿಟ್ಟ. ಗುರುಸಿದ್ಧ ಒಂದು ಲಕೋಟೆ ತೆಗೆದುಕೊಂಡು, ನನ್ನನ್ನು ಅದರಲ್ಲಿ ಗೋರಿ, ಕಿಟಕಿ ಪಕ್ಕದ ಹೂಕುಂಡಕ್ಕೆ ಸುರಿದ.

“ಗುಮಾಸ್ತ ಬಂದಾನು, ಹೋಗು,” ಎಂದ. ದನಿ ಮೆತ್ತಗಿತ್ತು. ಆದರೆ ಒಲ್ಲೆ ಎನ್ನಬಾರದ ಮಣ್ಣಿಗೆ ಒಲ್ಲೆ ಎಂದಿದ್ದ.

ಮರುದಿನ ದಾವಲ ಬಂದ. ವಿಷಯ ಗೊತ್ತಾಗಿತ್ತು. ಯಾರ ಮೇಲೂ ಕೂಗಾಡಲಿಲ್ಲ. ಸಲಿಕೆ ತೆಗೆದುಕೊಂಡು ನನ್ನನ್ನು ಕೊನೆಯ ಸಲ ಪೂರ್ತಿ ಅಗೆದು, ಕೈಯಿಂದ ಸಮ ಮಾಡಿ, ನನಗೆ ಹಣೆ ತಾಗಿಸಿ ಹೋದ. ಇಳಿಯಲು ಯಾರೂ ಇಲ್ಲದ ಅಖಾಡವನ್ನು ಅಷ್ಟು ಚೆಂದ ಹದ ಮಾಡಿದವನನ್ನು ನಾನು ಕಂಡಿಲ್ಲ. ಅವನು ಈಗ ಅಪ್ಪನ ಜೊತೆ ಹತ್ತಿ ಹಿಂಜಿ ಗಾದಿ ತುಂಬುತ್ತಾನಂತೆ.

ಗರಡಿ ಬರಿದು ಮಾಡಲು ಆಳುಗಳು ಬಂದರು. ಆಗ ಗುರುಸಿದ್ಧನೇ ಹೇಳಿದ: “ಒಳ್ಳೇ ಕೆಂಪು ಮಣ್ಣೈತಿ, ಯಾಕ ಚೆಲ್ತೀರಿ? ಕುಂಡಕ್ಕ ತುಂಬ್ರಿ, ಕಮಿಟಿ ಬರೂದ್ರಾಗ ಹೂವು ಬಿಡ್ತಾವ.” ಡಬ್ಬಿಗಟ್ಟಲೆ ಎಣ್ಣೆ ಸುರಿದವನು ಆಡುವ ಮಾತೇ ಅದು? ಮರೆತನೋ, ಮರೆತವನ ಹಾಗೆ ಇದ್ದನೋ, ನಾನರಿಯೆ. ನನ್ನನ್ನು ಕುಂಡಗಳಿಗೆ ತುಂಬಿ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟರು. ದಾಸವಾಳ ಎಲೆ ಉದುರಿಸಿತು. ಚೆಂಡುಹೂವು ತಲೆ ಬಾಗಿಸಿತು. ನಾನು ಬೇಕೆಂದು ಮಾಡಿದ್ದಲ್ಲ, ಬೇರು ಬಂದರೆ ಏನು ಮಾಡಬೇಕೆಂದೇ ನನಗೆ ತಿಳಿಯದು.

“ಏನ್ ಮಣ್ಣವ್ವಾ ಇದು, ತುಳಸೀನೂ ತಿಂದು ಕುಂತೈತಿ!” ಎಂದು ನೀರು ಹಾಕುವ ನೀಲವ್ವ ನನ್ನನ್ನು ದಿನಾ ಬೈದಳು.

“ಎಣ್ಣಿ ಕುಡದ ಮಣ್ಣೈತೆವ್ವಾ ಅದು,” ಎಂದ ಅಡಿವೆಪ್ಪ. ಈಗ ಅವನಿಗೆ ಗೇಟಿನ ಬಳಿ ಗುರುತಿನ ಚೀಟಿ ನೋಡುವ ಕೆಲಸ ಕೊಟ್ಟಿದ್ದರು. “ನೀರು ಹಾಕಿ ಏನ್ ಮಾಡ್ತಿ?”

ಕಮಿಟಿ ಬರುವ ದಿನ ಒಣಗಿದ ಗಿಡ ಕಿತ್ತು ಪ್ಲಾಸ್ಟಿಕ್ ಗುಲಾಬಿ ಚುಚ್ಚಿದರು. ಬಂದವರು ಬಹಳ ಮೆಚ್ಚಿದರು. ಅವರು ಹೋದ ಮೇಲೆ ನೀಲವ್ವ ಕುಂಡಗಳನ್ನೆಲ್ಲ ಸೈಕಲ್ ಸ್ಟ್ಯಾಂಡಿನ ಹಿಂದೆ ಬೋರಲು ಹಾಕಿದಳು. ಅಂದಿನಿಂದ ನಾನು ಅಲ್ಲಿ ಒಂದು ಗುಡ್ಡೆ. ಬಿಸಿಲಿಗೆ ಹೆಂಟೆಗಟ್ಟುತ್ತೇನೆ. ಒಂದು ನಾಯಿ ಆಗಾಗ ಬಂದು ಬೆನ್ನು ಉಜ್ಜಿಕೊಂಡು ಹೋಗುತ್ತದೆ. ಬೇಡ ಎನ್ನುವ ಉತ್ಸಾಹವೂ ನನಗಿಲ್ಲ.

ಗುರುಸಿದ್ಧನ ನಿವೃತ್ತಿಯ ದಿನ ಬಂತು. ಸೆಮಿನಾರ್ ಹಾಲಿನಲ್ಲಿ ಮೈಕು ಪರೀಕ್ಷೆ ನಡೆದಿತ್ತು. ಯಾರೋ ನನ್ನ ಹತ್ತಿರ ಬಂದು ನಿಂತರು. ಬೂಟು ಬಿಚ್ಚಿದರು. ಅಂಗಾಲು ತಾಗಿದಾಗಲೇ ಗುರುತು ಸಿಕ್ಕಿತು. ಗುರುಸಿದ್ಧ ಬಗ್ಗಿ ಒಂದು ಚಿಟಿಕೆ ಕೆದರಿ ಹಣೆಗೆ ಮುಟ್ಟಿಸಿದ. ಕನ್ನಡಕ ಜೇಬಿಗೆ ಹಾಕಿಕೊಂಡ. ಆಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ನನ್ನ ಮೇಲೆ ಕೂತು, ನಿಧಾನವಾಗಿ ಹಿಂದಕ್ಕೆ ಒರಗಿದ. ಮೊದಲು ಎಡ ಹೆಗಲು. ಬಹಳ ಹೊತ್ತಿನ ಮೇಲೆ ಬಲ ಹೆಗಲು. ಮುದಿ ಎದೆ ಏರಿಳಿಯುತ್ತಿತ್ತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆದಷ್ಟು ಮೆತ್ತಗಾಗಲು ನೋಡಿದೆ, ಅದೂ ಆಗಲಿಲ್ಲ.

ಅವನು ಎದ್ದು ಹೋದಾಗ ನನ್ನಲ್ಲೊಂದಿಷ್ಟು ಅವನ ಅಂಗಿಗಂಟಿ ಹೋದೆ. ಗರಡಿಯೇ ಈಗ ಸೆಮಿನಾರ್ ಹಾಲು: ಟೈಲ್ಸು, ಪರದೆ, ಫ್ಯಾನು. ನಾನು ಅಖಾಡವಾಗಿ ಬಾಳಿದ ಜಾಗಕ್ಕೇ ವಾಪಸು ಬಂದಿದ್ದೆ. ಹಾರ ಹಾಕಿಸಿಕೊಳ್ಳಲು ಅವನು ಬಾಗಿದಾಗ ಎರಡು ಹೆಗಲ ಮೇಲೂ ಕೆಂಪು ಕಲೆ ಕಂಡು ಹುಡುಗಿಯರು ಕಿಸಕ್ಕೆಂದರು. ಸರ್ ಎಲ್ಲೋ ಗೋಡೆಗೆ ಒರಗಿರಬೇಕು ಎಂದುಕೊಂಡು ಜವಾನ ಒರೆಸಲು ಬಂದ. “ಇರ್ಲಿ ಬಿಡು” ಎಂದು ಗುರುಸಿದ್ಧ ಅವನ ಕೈ ಸರಿಸಿದ. ಹಿಂದಿನ ಸಾಲಿನಲ್ಲಿ ಕೂತಿದ್ದ ಅಡಿವೆಪ್ಪ ಮಾತ್ರ ಎದ್ದು ನಿಂತಿದ್ದ. ಎಡಗಡೆಯ ಕಲೆ ದಟ್ಟವಾಗಿದೆ ಎಂಬುದು ಅವನಿಗೆ ಅಲ್ಲಿಂದಲೇ ಕಂಡಿರಬೇಕು.

ಜನ ಊಟಕ್ಕೆ ಹೋದ ಮೇಲೆ ಅವನು ಕುಂಟುತ್ತ ವೇದಿಕೆಯ ಹತ್ತಿರ ಬಂದ. ಗುರುಸಿದ್ಧ ಬೆನ್ನು ತಿರುಗಿಸಿದ.

“ಬೆನ್ನು ಕೊಡವೋ, ಅಡಿವ್ಯಾ.”

ಅಡಿವೆಪ್ಪನ ಕೈ ಎಡ ಹೆಗಲ ತನಕ ಬಂತು. ಬೆರಳು ನನಗೆ ತಾಗಿತು. ಅಲ್ಲೇ ನಿಂತಿತು.

“ಗೆದ್ದಾಂವ ಕೊಡವ್ಬೇಕಲೋ, ಗುರಸಿದ್ದ. ನಾ ಎಲ್ಲಿ ಗೆದ್ದೀನಿ? ಆ ಹುಡುಗ ಹತ್ತಿ ಹಿಂಜಾಕತ್ತಾನ.”

ಕೈ ಹಿಂದಕ್ಕೆ ಹೋಯಿತು. ಕುಂಟುವ ಹೆಜ್ಜೆ ಬಾಗಿಲ ತನಕ ಕೇಳಿಸಿತು. ಗುರುಸಿದ್ಧ ಹಾರ ಕೈಯಲ್ಲಿ ಹಿಡಿದು ಆ ಅಂಗಿಯಲ್ಲೇ ಮನೆಗೆ ಹೋದ.

ನನಗೆ ವಯಸ್ಸಾಯಿತು. ಸೈಕಲ್ ಸ್ಟ್ಯಾಂಡಿನ ಹಿಂದೆ ಹುಲ್ಲು ಕೂಡ ಹುಟ್ಟಿಸದೆ ಬಿದ್ದಿದ್ದೇನೆ. ಎಷ್ಟೋ ಬೆನ್ನುಗಳು ನನ್ನ ಮೇಲೆ ಬಿದ್ದು ಎದ್ದು ಹೋದವು. ಯಾರೂ ಕೊಡವದೆ ಹೊಸ್ತಿಲು ದಾಟಿದ್ದು ಅದೊಂದೇ.