ಕೋಳಿಯ ತಲೆಗೆ ಕಟ್ಟಿದ ಪೆಟ್ಟು

ನಿಖಿತಾಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಇನ್ನಂಜೆಯ ಅವಳ ಅತ್ತೆಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಕಾಪುವಿನ ಹೈಸ್ಕೂಲೊಂದರಲ್ಲಿ ಅವಳು ಪಿ.ಟಿ. ಟೀಚರ್. ದಿನವಿಡೀ ಬಿಸಿಲಿನಲ್ಲಿ ನಿಂತು ಮಕ್ಕಳನ್ನು ಸಾಲಿಗೆ ತರುವವಳ ನಾಲಗೆಯಲ್ಲಿ ಜೇನು ಎಲ್ಲಿಂದ ಬರಬೇಕು? ಆದರೆ ಆ ಭಾನುವಾರ ಬೆಳಿಗ್ಗೆ ಮಾತ್ರ ಅವಳು ಬೆಣ್ಣೆಯ ಹಾಗೆ ಇದ್ದಳು. ಗಂಡ ಪ್ರಖ್ಯಾತನ ಜೊತೆ ಸೈಕಲ್ ಪ್ರವಾಸ ಹೊರಟಿದ್ದಳಲ್ಲ! ಶಿರ್ವ, ಬೆಳ್ಮಣ್, ನಿಟ್ಟೆ ದಾಟಿ ಕಾರ್ಕಳದಲ್ಲಿ ರಾತ್ರಿ ತಂಗುವುದು, ಸೋಮವಾರವೂ ರಜೆಯಾದ್ದರಿಂದ ಮರುದಿನ ಸ್ವರ್ಣಾ ನದಿಯ ಬದಿ ಹಿಡಿದು ಹಿರಿಯಡ್ಕ, ಮಣಿಪಾಲದ ಮೇಲೆ ವಾಪಸು ಮನೆಗೆ ಬರುವುದು ಅಂತ ಲೆಕ್ಕಾಚಾರ.

ಪ್ರಖ್ಯಾತ್ ಉಡುಪಿಯ ಬ್ಯಾಂಕೊಂದರಲ್ಲಿ ಕ್ಲಾರ್ಕು. ಒಳ್ಳೆಯ ಮನುಷ್ಯ, ಜಗಳ ಎಂದರೆ ದೂರ. ಹೆಲ್ಮೆಟ್ಟಿನ ಮೇಲೆ ಪುಟ್ಟ ಕ್ಯಾಮೆರಾ ಸಿಕ್ಕಿಸಿಕೊಂಡು ದಾರಿಯುದ್ದಕ್ಕೂ ಗದ್ದೆ, ಹರಿಯುವ ತೋಡು, ಅದನ್ನು ದಾಟುವ ಕಾಲುಸಂಕ ಎಲ್ಲವನ್ನೂ ಹಿಡಿಯುತ್ತ ಬಂದಿದ್ದ. ನಿಟ್ಟೆ ಕಳೆದ ಮೇಲೆ ಡಾಂಬರು ಬಿಟ್ಟು ಗುಡ್ಡದ ಮಣ್ಣಿನ ದಾರಿಗೆ ಇಳಿಸಿದವನೂ ಅವನೇ.

"ಕೆಳಗೆ ಹೊಳೆ ಉಂಟು ನಿಖಿ, ಮ್ಯಾಪಿನಲ್ಲಿ ಕಾಣ್ತದೆ. ಒಂದು ಮುಳುಗು ಹಾಕಿ ಹೋಗುವ."

ಇಳಿಜಾರು ಎಂದರೆ ಅದೇನು ಇಳಿಜಾರು! ಬ್ರೇಕು ಕಿರುಚುತ್ತ, ಜಲ್ಲಿ ಹಾರುತ್ತ ಇಬ್ಬರೂ ನಗುತ್ತಲೇ ಜಾರಿದರು. ತಿರುವಿನಾಚೆ ಮರಗಳು ದಟ್ಟವಾಗಿ ಬೆಳೆದ ಹಾಡಿ. ಒಂದು ಮನೆಯೂ ಇಲ್ಲದ ಆ ಜಾಗದಲ್ಲಿ ಮರಗಳ ಅಡಿ ಬೈಕು, ಕಾರುಗಳ ಸಾಲು. ನಡುವೆ ಗುಂಪು ಕಟ್ಟಿ ನಿಂತ ಗಂಡಸರು. ಗುಂಪಿನ ಮಧ್ಯೆ ಎರಡು ಹುಂಜಗಳು ಎಗರಿ ಒಂದಕ್ಕೊಂದು ಬಡಿದವು. ಕೆಂಪು ಹುಂಜದ ಕರುಳು ಹೊರಗೆ ಬಂತು. ಆದರೂ ಅದು ಇನ್ನೊಮ್ಮೆ ಎಗರಿತು, ಆಮೇಲೆ ಬಿತ್ತು. ಜನ ಹೋ ಎಂದು ಕೂಗಿದರು.

ಕೋಳಿ ಅಂಕ. ಹುಂಜದ ಕಾಲಿಗೆ ಬಾಳು ಎಂಬ ಬೆರಳುದ್ದದ ಕತ್ತಿ ಕಟ್ಟಿ, ಪೊಲೀಸರ ಕಣ್ಣು ತಪ್ಪಿಸಿ ಆಡುವ ಜೂಜು. ಇವರಿಗೆ ತಿರುಗಿ ಹೋಗಲು ಸಮಯವೇ ಸಿಗಲಿಲ್ಲ.

"ಪೊಲೀಸಿನವರ ಜನ! ತಲೆಯಲ್ಲಿ ಕ್ಯಾಮೆರಾ ಉಂಟು ನೋಡಿ!" ಎಂದು ಯಾರೋ ಅರಚಿದ.

ಮುಂದೆ ಬಂದವನು ಭೋಜ. ಹೆಸರು ಗೊತ್ತಾದದ್ದು ಪಕ್ಕದವರು ಕೂಗಿ ಕರೆದದ್ದರಿಂದ. ದೊಡ್ಡ ಆಳು. ಮುಂದಿನ ಸರದಿ ಅವನದಿರಬೇಕು, ಬಾಳು ಕಟ್ಟಿದ ಕಪ್ಪು ಹುಂಜ ಎಡ ಕಂಕುಳಲ್ಲಿತ್ತು.

"ಯಾರು ಕಳಿಸಿದ್ದು ಮಾರಾಯ ನಿನ್ನನ್ನು?"

"ಯಾರೂ ಇಲ್ಲ. ನಾವು ಸುಮ್ಮನೆ ಸೈಕಲಲ್ಲಿ ತಿರುಗಾಡ್ಲಿಕ್ಕೆ ಬಂದದ್ದು," ಎಂದ ಪ್ರಖ್ಯಾತ್.

"ಸುಮ್ಮನೆ! ಬೈಕು ಕಾರು ಇರುವಾಗ ಈ ಗುಡ್ಡೆಗೆ ಸೈಕಲ್ ತುಳಿದುಕೊಂಡು ಸುಮ್ಮನೆ ಯಾರು ಬರ್ತಾರೆ?"

ಪ್ರಶ್ನೆ ನ್ಯಾಯದ್ದೇ. ಮುನ್ನಾದಿನ ನಿಖಿತಾಳ ಅತ್ತೆಯೂ ಅದನ್ನೇ ಕೇಳಿದ್ದರು.

ಉತ್ತರಕ್ಕೆ ಯಾರೂ ಕಾಯಲಿಲ್ಲ. ಒಬ್ಬ ಹೆಲ್ಮೆಟ್ ಕಿತ್ತ, ಇನ್ನೊಬ್ಬ ಕ್ಯಾಮೆರಾವನ್ನು ನೆಲಕ್ಕೆ ಹಾಕಿ ಕೆಂಪುಕಲ್ಲಿನಿಂದ ಜಜ್ಜಿದ. "ಅಯ್ಯೋ" ಎಂದು ಬಗ್ಗಿದ ಪ್ರಖ್ಯಾತನ ಬೆನ್ನಿಗೆ ಒದೆ ಬಿತ್ತು. ಅವನು ಮುಗ್ಗರಿಸಿದ. ಮತ್ತೆ ಪಕ್ಕೆಗೆ, ಮತ್ತೆ ಮುಖಕ್ಕೆ. ತುಟಿ ಒಡೆದು ಹಲ್ಲೆಲ್ಲ ಕೆಂಪಾಯಿತು.

"ಅವರ ಮೇಲಿಂದ ಕಾಲು ತೆಗೀರಿ!" ನಿಖಿತಾ ನಡುವೆ ನುಗ್ಗಿದಳು. "ಮನುಷ್ಯರಾ ನೀವು? ಎಂತ ಮಾಡಿದ್ದಾರೆ ಅವರು ನಿಮಗೆ?"

"ಹೆಂಗಸರು ದೂರ ನಿಲ್ಲಬೇಕು," ಎಂದ ಭೋಜ. ಎಂದವನೇ ಬಲಗೈ ಬೀಸಿ ಅವಳ ಕೆನ್ನೆಗೆ ಬಾರಿಸಿದ.

ಕಿವಿಯೊಳಗೆ ಕುಂಯ್ ಎಂದಿತು. ಪೆಟ್ಟಿನ ನೋವು ಆಮೇಲೆ ಬಂತು, ಅದಕ್ಕೂ ಮೊದಲು ಕೇಳಿಸಿದ್ದು ಗುಂಪಿನಲ್ಲಿ ಯಾರೋ ನಕ್ಕದ್ದು. ಆ ನಗು ಕೇಳಿದ್ದೇ ಅವಳ ಪಿತ್ತ ನೆತ್ತಿಗೇರಿತು. ಸೈಕಲ್ಲಿಗೆ ಸಿಕ್ಕಿಸಿದ್ದ ಸ್ಟೀಲಿನ ಪಂಪು ಯಾವಾಗ ಕೈಗೆ ಬಂತೋ ಅವಳಿಗೇ ತಿಳಿಯದು. ಎರಡೂ ಕೈಯಲ್ಲಿ ಹಿಡಿದು, ಭೋಜನ ಕಿವಿಯ ಮೇಲೆ ಬೀಸಿದಳು.

ಅವನು ಕಡಿದ ಮರದಂತೆ ಉರುಳಿದ. ಹುಂಜ ಅವನ ಅಡಿಗೆ ಸಿಕ್ಕಿ, ಪ್ರಾಣಭಯದಿಂದ ಕಾಲು ಝಾಡಿಸಿತು. ಬಾಳು ಅವನ ತೊಡೆಯ ಒಳಬದಿಗೆ ಇಳಿಯಿತು, ಎಳೆಯಿತು, ಮತ್ತೆ ಇಳಿಯಿತು. ಭೋಜ ಕಿರುಚಿ ಮಗುಚಿದ. ಹುಂಜ ರಕ್ತದಲ್ಲಿ ಮಿಂದು ಪೊದೆಯೊಳಗೆ ಓಡಿತು.

"ಹಾಕಿ ಇಬ್ಬರನ್ನೂ!" ಒಬ್ಬ ಬಡಿಗೆ ಎತ್ತಿ ಪ್ರಖ್ಯಾತನ ತಲೆಯ ಹತ್ತಿರ ಬಂದ. ನಿಖಿತಾಳಿಗೆ ಬೇರೆ ದಾರಿ ತೋಚಲಿಲ್ಲ. ದಿನಾ ಮೈದಾನದಲ್ಲಿ ಮಾಡುವುದನ್ನೇ ಮಾಡಿದಳು. ರಜೆಯಲ್ಲೂ ಕುತ್ತಿಗೆಯಿಂದ ತೆಗೆಯದ ವಿಶಲ್ ಬಾಯಿಗಿಟ್ಟು ಉಸಿರಿದ್ದಷ್ಟೂ ಊದಿದಳು.

ಅಬ್ಬಾ, ಆ ಓಟ! "ಪೊಲೀಸ್! ಪೊಲೀಸ್!" ಬಡಿಗೆಯವನು ಬಡಿಗೆ ಬಿಸಾಡಿದ, ಲುಂಗಿಯವನ ಲುಂಗಿ ಪೊದೆಗೆ ಸಿಕ್ಕಿತು, ಹುಂಜಗಳನ್ನು ಕಂಕುಳಿಗೆ ಒತ್ತಿಕೊಂಡವರು ಗುಡ್ಡ ಹತ್ತಿದರು, ಹೊಳೆ ಹಾರಿದರು. ಬೈಕುಗಳ ಸದ್ದು ದೂರವಾಯಿತು. ಹಾಡಿ ಖಾಲಿ.

ಉಳಿದದ್ದು ಮೂವರು. ಭೋಜ ಏಳಲು ನೋಡಿ ಮತ್ತೆ ಬಿದ್ದ. ತೊಡೆಯಿಂದ ರಕ್ತ ಚಿಲ್ಲನೆ ಚಿಮ್ಮುತ್ತಿತ್ತು.

ನಿಜ ಹೇಳಬೇಕೆಂದರೆ ನಿಖಿತಾಳಿಗೆ ಮೊದಲು ಸಂತೋಷವೇ ಆಯಿತು. ಬೇಕು ಇವನಿಗೆ, ಸಾಯಲಿ. ಆ ಸಂತೋಷ ಒಂದು ಉಸಿರಿನಷ್ಟೇ ನಿಂತಿತು. ಸತ್ತರೆ ಕೊಂದವಳು ತಾನು. ಎತ್ತಿ ಕೊಂಡೊಯ್ಯಬಹುದಾಗಿದ್ದವರನ್ನೆಲ್ಲ ಊದಿ ಓಡಿಸಿದವಳೂ ತಾನೇ.

"ನಿಖಿ, ಬಾ," ಪ್ರಖ್ಯಾತ್ ಸೈಕಲ್ ಎತ್ತಿ ನಿಂತಿದ್ದ. "ಓಡಿದವರು ಯಾರೂ ಪೊಲೀಸಿಗೆ ಹೇಳುವವರಲ್ಲ. ಹೋಗುವ."

"ಇವನು ಸಾಯ್ತಾನೆ ಮಾರಾಯ!"

"ನಾವು ಕರೆದದ್ದಾ ಅವನನ್ನು?"

ಅವಳು ಅವನ ಮುಖ ನೋಡಲಿಲ್ಲ. ಚೀಲದಿಂದ ಸೈಕಲಿನ ಹೆಚ್ಚುವರಿ ಟ್ಯೂಬು ತೆಗೆದು ಗಾಯದ ಮೇಲ್ಭಾಗಕ್ಕೆ ಸುತ್ತಿ ಗಂಟು ಹಾಕಿದಳು. ಭೋಜನನ್ನು ಕೆಡವಿದ ಪಂಪನ್ನೇ ಗಂಟಿಗೆ ತೂರಿಸಿ ತಿರುವಿದಳು. ರಬ್ಬರು ಮಾಂಸದೊಳಗೆ ಹೂತಿತು. ಭೋಜ "ಕೊಲ್ತಾಳೆ, ಕೊಲ್ತಾಳೆ" ಎಂದು ಅವಳ ಜಡೆ ಹಿಡಿದು ಜಗ್ಗಿದ. ಅವಳು ಅವನ ಎದೆಯ ಮೇಲೆ ಮಂಡಿಯೂರಿ, "ಸುಮ್ಮನೆ ಬಿದ್ದಿರು ಮುಂಡೇಮಗನೇ!" ಎಂದು ಇನ್ನೊಂದು ಸುತ್ತು ತಿರುವಿದಳು. ರಕ್ತ ಚಿಮ್ಮುವುದು ನಿಂತು ಜಿನುಗತೊಡಗಿತು.

"ನೀನು ಮೇಲೆ ಹೋಗಿ ಏನಾದರೂ ಗಾಡಿ ತಾ," ಎಂದಳು ಗಂಡನಿಗೆ. "ಗಾಡಿ ಇಲ್ಲದೆ ಬರಬೇಡ. ಮನೆಗೂ ಬರಬೇಡ."

ಅವನು ಹೋದ. ಬರುತ್ತಾನೋ ಇಲ್ಲವೋ ಎಂದು ಅವಳಿಗೆ ಖಾತ್ರಿಯಿರಲಿಲ್ಲ. ಮದುವೆಯಾದ ಮೇಲೆ ಇಂಥ ಅನುಮಾನ ಬಂದದ್ದು ಅದೇ ಮೊದಲು. ಆದರೆ ಬಂದ. ಮೇಲಿನ ತಿರುವಿನಲ್ಲಿ ಅಡಗಿ ಕುಳಿತಿದ್ದ ದೇಜಪ್ಪಣ್ಣ ಎಂಬ ಆಟೋದವನನ್ನು ಕೈಮುಗಿದು ಕರೆತಂದಿದ್ದ. ಆ ಪುಣ್ಯಾತ್ಮನೂ ಅಂಕಕ್ಕೇ ಬಂದವನು, ಅವನ ಎರಡು ಹುಂಜಗಳು ಇನ್ನೂ ಸೀಟಿನಡಿ ಕೊಕ್ಕೊಕ್ ಎನ್ನುತ್ತಿದ್ದವು. ಕಾರ್ಕಳ ಮುಟ್ಟುವವರೆಗೆ ನಿಖಿತಾ ಪಂಪು ಬಿಡಲಿಲ್ಲ. ಭೋಜನ ಮುಖ ಬಿಳುಚಿತ್ತು.

"ಅಕ್ಕಾ, ಬಿಡಬೇಡಿ," ಎಂದ ಅವನು. "ಬಿಡಬೇಡಿ ಅಕ್ಕಾ."

ಬದುಕಿದ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಅದನ್ನು ಕೇಳಿ ನಿಖಿತಾ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

ಸಂಜೆ ಪೊಲೀಸಿನವರೊಬ್ಬರು ಬಂದರು. ಹೊಟ್ಟೆ ಬಂದ, ಸಮಾಧಾನದ ಹೆಡ್ ಕಾನ್‌ಸ್ಟೇಬಲ್. ಭೋಜನ ಮಂಚದ ಪಕ್ಕ ಕುಳಿತು ಕೇಳಿದರು. "ಎಂತ ಆದದ್ದು?"

"ಕೋಳಿ ಹೊಡೆದದ್ದು ಸಾರ್," ಎಂದ ಭೋಜ. "ಬಾಳು ಕಟ್ಟುವಾಗ ಕಾಲು ಜಾರಿತು. ಇವರು ಪಾಪ ದಾರಿಯಲ್ಲಿ ಹೋಗುವವರು, ಆಸ್ಪತ್ರೆಗೆ ತಂದರು."

ಜೂಜಿನ ಕೇಸಾದರೆ ದಂಡ ಕಟ್ಟಿ ಮುಗಿಯುತ್ತದೆ. ಹೆಂಗಸಿನ ಕೈಯಲ್ಲಿ ಪೆಟ್ಟು ತಿಂದು ಬಿದ್ದವನು ಎಂಬ ಹೆಸರು ಬಂದರೆ ಸಾಯುವವರೆಗೂ ಹೋಗುವುದಿಲ್ಲ. ಮಾಡಲಿ, ಅವನ ಲೆಕ್ಕ ಅವನು ಮಾಡಲಿ ಎಂದುಕೊಂಡಳು ನಿಖಿತಾ.

"ಆ ಕೋಳಿ ಸಿಕ್ಕಿದರೆ ಕೋರ್ಟಿನಲ್ಲಿ ಏಲಂ ಕೂಗಿ ಮಾರ್ತಾರೆ ಮಾರಾಯ," ಪೊಲೀಸಿನವರು ನಕ್ಕರು. ಬರೆಯುತ್ತ ಬರೆಯುತ್ತ ನಿಖಿತಾಳ ಕಡೆ ನೋಡಿದರು. ಕೆನ್ನೆ ಬಾತು ಬೆರಳ ಗುರುತುಗಳೆಲ್ಲ ನೀಲಿಗಟ್ಟಿದ್ದವು. "ನಿಮಗೆ ಎಂತ ಆಯಿತು ಅಮ್ಮಾ?"

"ಸೈಕಲಿನಿಂದ ಬಿದ್ದದ್ದು ಸಾರ್, ಇಬ್ಬರೂ," ಎಂದ ಪ್ರಖ್ಯಾತ್. ಅವಳ ಕೈಯನ್ನು ಮೆಲ್ಲಗೆ ಅದುಮಿದ. ಸುಮ್ಮನಿರು, ಎಲ್ಲ ಚೆನ್ನಾಗಿ ಮುಗಿಯುತ್ತ ಉಂಟು ಎಂದು ಅದರ ಅರ್ಥ.

ತಾನು ಹೊಡೆದದ್ದನ್ನು ಕೋಳಿಯ ತಲೆಗೆ ಕಟ್ಟಿದರು, ತನಗೆ ಬಿದ್ದದ್ದನ್ನು ಸೈಕಲಿನ ತಲೆಗೆ! ಬೆಳಿಗ್ಗೆ ನಕ್ಕವನ ನಗು ಮತ್ತೆ ಕಿವಿಯಲ್ಲಿ ಕೇಳಿಸಿತು. ನಿಖಿತಾ ಕೈ ಕೊಸರಿಕೊಂಡು ಎದ್ದಳು.

"ಕೋಳಿ ಅಲ್ಲ ಸಾರ್, ನಾನು. ಇವನು ನನ್ನ ಕೆನ್ನೆಗೆ ಹೊಡೆದ. ನಾನು ಪಂಪಿನಲ್ಲಿ ಇವನ ತಲೆಗೆ ಹೊಡೆದೆ. ಆ ಪೆಟ್ಟಿಗೇ ಇವನು ಬಿದ್ದದ್ದು."

"ನಿಖಿ!" ಪ್ರಖ್ಯಾತ್ ಅವಳ ತೋಳು ಹಿಡಿದು ಜಗ್ಗಿದ.

"ಯೋಚನೆ ಮಾಡಿ ಅಮ್ಮಾ," ಪೊಲೀಸಿನವರು ಪೆನ್ನು ಎತ್ತಿ ಹಿಡಿದರು. "ನಿಮ್ಮ ಮೇಲೂ ಕೇಸ್ ಆಗ್ತದೆ. ಕೆಲಸದಲ್ಲಿ ಇರುವವರು ಅಲ್ವಾ ನೀವು?"

"ಆಗಲಿ."

"ಅಕ್ಕಾ, ಕೋಳಿ ಎಂದೇ ಇರಲಿ," ಭೋಜ ಕೈ ಮುಗಿದ. "ಊರಲ್ಲಿ ನನಗೆ ಮುಖ ಉಳಿಯುವುದಿಲ್ಲ."

"ನಿನ್ನ ಜೀವ ನಿನಗೆ ಕೊಟ್ಟಾಯಿತಲ್ಲ," ಎಂದಳು ನಿಖಿತಾ. "ನನ್ನ ಪೆಟ್ಟು ನನಗೆ ಕೊಡು."

ವಾರ್ಡಿನಲ್ಲಿದ್ದವರೆಲ್ಲ ಇತ್ತ ತಿರುಗಿದ್ದರು. ಭೋಜ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡ. ಪ್ರಖ್ಯಾತ್ ತಲೆ ಎತ್ತಲಿಲ್ಲ. ಪೊಲೀಸಿನವರು ಬರೆದದ್ದನ್ನು ಹೊಡೆದುಹಾಕಿ, ಬೇರೆ ಹಾಳೆ ತೆಗೆದು, ಮೊದಲು ಕೈ ಮಾಡಿದ್ದು ಯಾರು ಎಂದು ಕೇಳಿದರು.